ಬಲೆ ನೋಡಿ ಕುಲ ಹೇಳಬಾರದು

ಜೇಡಗಳ ಅಧ್ಯಯನಕ್ಕೆ ಸೇರಿದ ಹೊಸದರಲ್ಲಿ ನಾನು ಕಲಿತದ್ದು ಎರಡು ವಿದ್ಯೆ: ಬಲೆ ಓದುವುದು, ಜನನಾಂಗ ಓದುವುದು. ಹೆಣ್ಣಿನ ಹೊಟ್ಟೆಯಡಿಯ ಗಟ್ಟಿ ಫಲಕ, ಗಂಡಿನ ಬಾಯಿಯ ಪಕ್ಕದ ಸ್ಪರ್ಶಾಂಗದ ಉಬ್ಬಿದ ತುದಿ, ಇವೆರಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಪ್ರಭೇದ ಯಾವುದೆಂದು ಹೇಳುತ್ತಿದ್ದೆವು. ಆದರೆ ಇವು ಪೂರ್ತಿ ರೂಪುಗೊಳ್ಳುವುದು ಜೇಡ ಪ್ರಾಯಕ್ಕೆ ಬಂದ ಮೇಲೆ. ಸಹ್ಯಾದ್ರಿಯ ತರಗೆಲೆ ಜರಡಿ ಹಿಡಿದಾಗ ನನಗೆ ಸಿಗುತ್ತಿದ್ದವು ಹೆಚ್ಚಾಗಿ ಮರಿಗಳೇ. ಹೆಸರಿಲ್ಲದ ಚೀಟಿ ಹೊತ್ತ ಆ ಸೀಸೆಗಳ ಕಾಟವೇ ನನ್ನನ್ನು ಡಿಎನ್‌ಎ ಕಡೆಗೆ ತಳ್ಳಿತು.

ಅದಕ್ಕೆ ಒಂದು ಕಾಲು ಸಾಕು. ಮೈಟೊಕಾಂಡ್ರಿಯದ ಸಿಒಐ ಜೀನಿನ ಸುಮಾರು 650 ಅಕ್ಷರಗಳನ್ನು ಹೋಲಿಸಿದರೆ ಮರಿ ಯಾವ ಪ್ರಭೇದದ್ದು, ಬೇರೆ ಬೇರೆ ಕಡೆ ಸಿಕ್ಕ ಗಂಡು ಹೆಣ್ಣು ಒಂದೇ ಪ್ರಭೇದದವೇ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಆದರೆ ಮೈಟೊಕಾಂಡ್ರಿಯ ಬರುವುದು ತಾಯಿಯ ಕಡೆಯಿಂದ. ಎರಡು ಪ್ರಭೇದಗಳು ಎಂದೋ ಬೆರೆತಿದ್ದರೆ ಅದರ ಸಾಕ್ಷ್ಯ ದಾರಿ ತಪ್ಪಿಸುತ್ತದೆ. ಕೋಟ್ಯಂತರ ವರ್ಷ ಹಿಂದಿನ ಕವಲುಗಳನ್ನು ಬಿಡಿಸಲು ನೂರಾರು ಜೀನುಗಳೇ ಬೇಕು.

2014ರಲ್ಲಿ ಜೇಸನ್ ಬಾಂಡ್ ತಂಡ ಮತ್ತು ರೋಸಾ ಫೆರ್ನಾಂಡೆಸ್, ಗುಸ್ತಾವೊ ಹೊರ್ಮಿಗ, ಗೊಂಜಾಲೊ ಜಿರಿಬೆ ಅವರ ತಂಡ ‘ಕರೆಂಟ್ ಬಯಾಲಜಿ’ಯಲ್ಲಿ ಬೇರೆ ಬೇರೆಯಾಗಿ ಪ್ರಕಟಿಸಿದ್ದು ಅಂಥ ಸಾಕ್ಷ್ಯವನ್ನೇ. ವಿಷಯ: ಚಕ್ರದಂಥ ದುಂಡು ಬಲೆ. ಅದನ್ನು ಎರಡು ಬಗೆಯ ಜೇಡಗಳು ಹೆಣೆಯುತ್ತವೆ. ತೋಟದಲ್ಲಿ ನಾವು ಕಾಣುವ ಅರೇನಿಡೇ ಕುಟುಂಬದವು ಎಳೆಗೆ ಅಂಟಿನ ಹನಿ ಹಚ್ಚುತ್ತವೆ. ಯುಲೊಬೊರಿಡೇ ಕುಟುಂಬದವಕ್ಕೆ ಅಂಟೂ ಇಲ್ಲ, ವಿಷಗ್ರಂಥಿಯೂ ಇಲ್ಲ. ಹಿಂಗಾಲಿನ ಬಾಚಣಿಗೆಯಿಂದ ಬಾಚಿ ತೆಗೆದ ಉಣ್ಣೆಯಂಥ ಒಣ ಎಳೆಗೇ ಕೀಟ ಸಿಕ್ಕಿಕೊಳ್ಳಬೇಕು. ನಕ್ಷೆ ಒಂದೇ ಆದ್ದರಿಂದ ಇವೆರಡೂ ಒಂದೇ ವಂಶದವೆಂದು ಬಹುಕಾಲ ನಂಬಿದ್ದೆವು. ಜೀನುಗಳು ಹೇಳಿದ್ದು ಬೇರೆ: ಯುಲೊಬೊರಿಡೇಗೆ ಅರೇನಿಡೇಗಿಂತ ಹತ್ತಿರದ ನೆಂಟರು ಜಿಗಿಯುವ ಜೇಡ, ತೋಳ ಜೇಡಗಳ ದೊಡ್ಡ ಬಳಗ. ಆ ಬಳಗದಲ್ಲಿ ಹೆಚ್ಚಿನವು ಬೇಟೆಗೆ ಬಲೆಯನ್ನೇ ಕಟ್ಟುವುದಿಲ್ಲ!

ಹಾಗಾದರೆ ದುಂಡು ಬಲೆ ಬಹಳ ಹಳೆಯದಾಗಿದ್ದು ಅನೇಕರು ಅದನ್ನು ಕೈಬಿಟ್ಟಿರಬೇಕು, ಇಲ್ಲವೇ ಅದು ಎರಡು ಸಲ ಹುಟ್ಟಿರಬೇಕು. ಈ ಚರ್ಚೆ ಇನ್ನೂ ಮುಗಿದಿಲ್ಲ. ನಾನು ಕಲಿತದ್ದಿಷ್ಟು: ಬಲೆ ಕಸುಬು, ಕುಲವಲ್ಲ. ಮಗ್ಗ ಮಾರಿ ಅಂಗಡಿ ಇಟ್ಟ ಮನೆತನವನ್ನು ಅಂಗಡಿ ನೋಡಿ ಗುರುತಿಸಲಾದೀತೇ?

ಇದು ದೂರದೇಶದ ಪಾಠವಷ್ಟೇ ಅಲ್ಲ. 2024ರಲ್ಲಿ ಕಿರಣ್ ಮರಾಠೆ, ವೇಯ್ನ್ ಮ್ಯಾಡಿಸನ್, ಕೃಷ್ಣಮೇಘ ಕುಂಟೆ ‘ತೆಂಕಣ’ ಎಂಬ ಹೊಸ ಜೀನಸ್ಸನ್ನು ಪ್ರಕಟಿಸಿದರು. ನೆಲದ ಮೇಲೆ ಓಡಾಡುವ ಈ ಜಿಗಿಯುವ ಜೇಡಗಳಲ್ಲಿ ಕೆಲವನ್ನು ಹಿಂದೆ ಬೇರೆ ಜೀನಸ್ಸಿನಲ್ಲಿ ಇಟ್ಟಿದ್ದರು. ಡಿಎನ್‌ಎಯೂ ಮೈರಚನೆಯೂ ಕೂಡಿಯೇ ಅವನ್ನು ಬೇರ್ಪಡಿಸಿದವು. ಕರ್ನಾಟಕದಲ್ಲಿ ಸಿಕ್ಕ ಹೊಸ ಪ್ರಭೇದಕ್ಕೆ ಜಯಮಂಗಲಿ ನದಿಯ ಹೆಸರಿದೆ.

ಡಿಎನ್‌ಎ ಕೆಲಸ ನನ್ನ ಸೀಸೆಗಳ ವ್ಯವಸ್ಥೆಯನ್ನೂ ಬದಲಿಸಿತು. ಡಿಎನ್‌ಎ ಉಳಿಯಲು ಶೇ. 95ರ ಆಲ್ಕೊಹಾಲ್ ಬೇಕು, ಆದರೆ ಅದರಲ್ಲಿ ಜೇಡ ಸೆಟೆದು ಕಾಲು ಮುರಿಯುತ್ತದೆ. ಮೈ ಮೆತ್ತಗಿರಲು ಶೇ. 70 ಸಾಕು, ಆದರೆ ಅದರಲ್ಲಿ ಡಿಎನ್‌ಎ ಬೇಗ ಹಾಳಾಗುತ್ತದೆ. ಹಾಗಾಗಿ ಈಗ ಕಾಲು ಒಂದು ಸೀಸೆಗೆ, ಮೈ ಇನ್ನೊಂದಕ್ಕೆ, ಎರಡಕ್ಕೂ ಒಂದೇ ಸಂಖ್ಯೆ, ಊರು, ತಾರೀಖು.

ಡಿಎನ್‌ಎ ಅನುಕ್ರಮ ಸಿಕ್ಕಿತಲ್ಲ, ಮೈ ಯಾಕೆ ಇಡಬೇಕು ಎಂದು ಕೇಳುವ ವಿದ್ಯಾರ್ಥಿಗಳಿಗೆ ನನ್ನ ಉತ್ತರ ಇದು: ಯಾರು ಯಾರಿಗೆ ನೆಂಟರೆಂದು ಜೀನು ಹೇಳುತ್ತದೆ, ಆ ನೆಂಟಸ್ತಿಕೆಯಲ್ಲಿ ಏನು ಉಳಿಯಿತು, ಏನು ಕಳೆಯಿತು ಎಂದು ತಿಳಿಯಲು ಮೈಯನ್ನೇ ನೋಡಬೇಕು. ಅಲ್ಲದೆ, ಹಳೆಯ ಸಂಗ್ರಹಾಲಯಗಳ ಜೇಡಗಳಿಂದಲೂ ನೂರಾರು ಡಿಎನ್‌ಎ ತುಣುಕುಗಳನ್ನು ಹೊರತೆಗೆಯುವ ವಿಧಾನ ಈಗ ಇದೆ. ಅವನ್ನು ಸೀಸೆಗೆ ಹಾಕಿದವರಲ್ಲಿ ಎಷ್ಟೋ ಜನ ಡಿಎನ್‌ಎ ಹೆಸರನ್ನೂ ಕೇಳಿರಲಿಲ್ಲ. ನಮ್ಮ ಸೀಸೆಗಳಿಗೂ ನಾವು ಊಹಿಸದ ಪ್ರಶ್ನೆಗಳು ಬಂದೇ ಬರುತ್ತವೆ.