ಕಪ್ಪು ಕೋಟು ಕೆಂಪಿದ್ದೀತು

ಪ್ರಶ್ನೆ: ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಲ್ಲಿ ಒಂದು ಆಲ್ಬಂ ಕೊಂಡೆ. ಅದರಲ್ಲಿ ದಪ್ಪ ರಟ್ಟಿಗೆ ಅಂಟಿಸಿದ, ಅಂಗೈಗಿಂತ ಚಿಕ್ಕದೊಂದು ಫೋಟೋ ಇದೆ. ಬಿಳಿಯ ಯುವಕ, ಕಪ್ಪು ಕೋಟು, ಬಿಳಿ ಕಾಲರು. ಪಕ್ಕದ ಮೇಜಿನ ಮೇಲೆ ಚೂಪು ತುದಿಯ ಹೆಲ್ಮೆಟ್ಟು. ಮುಂಗೈ ಹತ್ತಿರ ತೋಳಿನ ಮೇಲೆ ಎರಡು ಪಟ್ಟಿ. ರಟ್ಟಿನ ಹಿಂದೆ ಆಲ್ಡರ್‌ಶಾಟ್ ಎಂದು ಅಚ್ಚಾಗಿದೆ. ‘ಬೆಂಗಳೂರು ದಂಡಿನ ಪೊಲೀಸ್ ಅಧಿಕಾರಿ, 1860ರ ಫೋಟೋ’ ಎಂದು ಅಂಗಡಿಯವರು ಹೇಳಿದರು. ನಂಬಬಹುದೇ?
— ಓದುಗರೊಬ್ಬರು, ಬಸವನಗುಡಿ

ಉತ್ತರ: ಬೇಡ. ಅವನು ಪೊಲೀಸನಲ್ಲ, ಅಧಿಕಾರಿಯೂ ಅಲ್ಲ. ಫೋಟೋ ಬೆಂಗಳೂರಿನದಲ್ಲ, 1860ರದೂ ಅಲ್ಲ. ಹಾಗಂತ ದುಡ್ಡು ದಂಡವಾಯಿತೆಂದು ಕೊರಗಬೇಡಿ. ಇಷ್ಟೊಂದು ಸುಳಿವುಗಳು ಒಂದೇ ಚಿತ್ರದಲ್ಲಿ ಸಿಗುವುದು ಅಪರೂಪ.

ಮೊದಲು ಬಣ್ಣದ ವಿಷಯ ಮುಗಿಸೋಣ, ಎಲ್ಲರೂ ಎಡವುವುದು ಅಲ್ಲೇ. ವಿಕ್ಟೋರಿಯಾ ಕಾಲದ ಫೋಟೋ ಪ್ಲೇಟುಗಳಿಗೆ ನೀಲಿ ಬೆಳಕು ಚೆನ್ನಾಗಿ ತಾಕುತ್ತಿತ್ತು, ಕೆಂಪು ತಾಕುತ್ತಲೇ ಇರಲಿಲ್ಲ ಅನ್ನಬಹುದು. ಹಾಗಾಗಿ ಬ್ರಿಟಿಷ್ ಕಾಲಾಳುವಿನ ಉಜ್ವಲ ಕೆಂಪು ಕೋಟು ಫೋಟೋದಲ್ಲಿ ಕಪ್ಪಾಗಿ ಬೀಳುತ್ತದೆ. ಹಳದಿಯೂ ಕಪ್ಪಿಡುತ್ತದೆ. ತಿಳಿನೀಲಿ ಮಾತ್ರ ಬೆಳ್ಳಗೆ ಮಸುಕಾಗುತ್ತದೆ. ಕೆಂಪು ಕೋಟಿಗೆ ಕಡುನೀಲಿ ಕಾಲರು ಹೊಲಿದಿದ್ದರೆ ಎರಡಕ್ಕೂ ವ್ಯತ್ಯಾಸವೇ ಕಾಣದಂತೆ ಬೆರೆತುಹೋಗುವುದುಂಟು. ನಿಮ್ಮ ಯುವಕನ ಕಾಲರು ಕೋಟಿನಿಂದ ಎದ್ದು ಬೆಳ್ಳಗೆ ಕಾಣುತ್ತಿದೆ ಎಂದರೆ ಅದು ನಿಜಕ್ಕೂ ಬಿಳಿಯೇ ಇರಬೇಕು, ಕೋಟು ಕೆಂಪು.

ಇನ್ನು ಹೆಲ್ಮೆಟ್ಟು. ಬಟ್ಟೆ ಹೊದಿಸಿದ, ನೆತ್ತಿಯ ಮೇಲೆ ಹಿತ್ತಾಳೆ ಮೊಳೆಯ ಈ ಹೆಲ್ಮೆಟ್ಟು ಬ್ರಿಟಿಷ್ ಪದಾತಿಗೆ ಬಂದದ್ದು 1878ರಲ್ಲಿ. ಅದಕ್ಕೂ ಮುಂಚೆ ಅವರ ತಲೆಯ ಮೇಲಿದ್ದದ್ದು ಡಬ್ಬಿಯಾಕಾರದ ಷಾಕೋ ಟೋಪಿ. ಅಲ್ಲಿಗೆ 1860 ಬಿದ್ದುಹೋಯಿತು. ಅದೂ ಅಲ್ಲದೆ ಇದು ಸ್ವದೇಶದ ಸೇವೆಗೆಂದೇ ಇದ್ದ ಟೋಪಿ. ಇಂಡಿಯಾಕ್ಕೆ ಬಂದ ಸಿಪಾಯಿ ಬಿಸಿಲಿಗೆ ತಕ್ಕ ಬಿಳಿ ಹೆಲ್ಮೆಟ್ಟು ಹಾಕುತ್ತಿದ್ದ. ಹಾಗಾಗಿ ಫೋಟೋ ತೆಗೆದದ್ದು ಇಂಗ್ಲೆಂಡಿನಲ್ಲಿ. ರಟ್ಟಿನ ಹಿಂದಿನ ಹೆಸರೂ ಅದನ್ನೇ ಹೇಳುತ್ತದೆ. ಆಲ್ಡರ್‌ಶಾಟ್ ಎಂಬುದು 1854ರಿಂದ ಸೈನ್ಯ ಬೀಡುಬಿಟ್ಟು ಬೆಳೆದ ಊರು, ಅಲ್ಲಿ ಸ್ಟುಡಿಯೋಗಳಿಗೆ ಸಿಪಾಯಿಗಳೇ ಗಿರಾಕಿಗಳು. ಫೋಟೋ ತೆಗೆಸಿಕೊಂಡವನೋ ಅವನ ಬಂಧುವೋ ಆಮೇಲೆ ಬೆಂಗಳೂರಿಗೆ ಬಂದಿರಬೇಕು, ಜೊತೆಗೆ ಆಲ್ಬಮ್ಮೂ.

ತೋಳಿನ ಪಟ್ಟಿ ನೋಡಿ ಅಂಗಡಿಯವರು ಅಧಿಕಾರಿ ಎಂದಿರಬೇಕು. ಪಟ್ಟಿ ತೋಳಿನಲ್ಲಿ ಎಲ್ಲಿದೆ, ತುದಿ ಯಾವ ಕಡೆಗಿದೆ ಎಂಬುದೇ ಇಲ್ಲಿ ಮುಖ್ಯ. ಮೊಣಕೈ ಮೇಲ್ಗಡೆ ತುದಿ ಕೆಳಗಾಗಿದ್ದರೆ ದರ್ಜೆಯ ಗುರುತು: ಎರಡು ಪಟ್ಟಿ ಕಾರ್ಪೋರಲ್, ಮೂರು ಸಾರ್ಜೆಂಟ್. ಮುಂಗೈ ಹತ್ತಿರ ತುದಿ ಮೇಲಾಗಿದ್ದರೆ ಸನ್ನಡತೆಯ ಪಟ್ಟಿ. ತಕರಾರಿಲ್ಲದೆ ಕೆಲವು ವರ್ಷ ದುಡಿದ ಸಾಮಾನ್ಯ ಸಿಪಾಯಿಗೆ ಅದನ್ನು ಕೊಡುತ್ತಿದ್ದರು, ಒಂದೊಂದು ಪಟ್ಟಿಗೂ ದಿನಕ್ಕೆ ಒಂದು ಪೆನ್ನಿ ಹೆಚ್ಚುವರಿ. ನಿಮ್ಮವನಿಗೆ ದಿನಕ್ಕೆ ಎರಡು ಪೆನ್ನಿ ಸಿಗುತ್ತಿತ್ತು. ಅಧಿಕಾರಿಗಳಿಗೆ ಇಂಥ ಪಟ್ಟಿಗಳೇ ಇಲ್ಲ. ಅವರ ದರ್ಜೆ 1880ರವರೆಗೆ ಕಾಲರಿನಲ್ಲಿ, ಆಮೇಲೆ ಭುಜದ ಮೇಲೆ.

ರೆಜಿಮೆಂಟು ಯಾವುದೆಂದು ಹೇಳಬಲ್ಲದ್ದು ಕಾಲರೇ. 1881ರಲ್ಲಿ ಚಿಲ್ಡರ್ಸ್ ಎಂಬ ಯುದ್ಧಮಂತ್ರಿ ಹಳೆಯ ನಂಬರಿನ ರೆಜಿಮೆಂಟುಗಳನ್ನೆಲ್ಲ ಜಿಲ್ಲೆಗಳ ಹೆಸರಿಗೆ ಕಟ್ಟಿಹಾಕಿದ. ಕಾಲರು-ಮುಂಗೈಗಳ ಬಣ್ಣವನ್ನೂ ನಾಲ್ಕಕ್ಕೆ ಇಳಿಸಿದ: ‘ರಾಯಲ್’ ಬಿರುದಿನವರಿಗೆ ನೀಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಬಿಳಿ, ಸ್ಕಾಟ್ಲೆಂಡಿಗೆ ಹಳದಿ, ಐರ್ಲೆಂಡಿಗೆ ಹಸಿರು. ರೆಜಿಮೆಂಟಿನವರು ಇದಕ್ಕೆ ಬಹಳ ಗೊಣಗಿದರು, ಎಷ್ಟೋ ರೆಜಿಮೆಂಟುಗಳು ಮುಂದೆ ತಮ್ಮ ಹಳೆಯ ಬಣ್ಣವನ್ನು ಮರಳಿ ಪಡೆದವು. ನಿಮ್ಮ ಫೋಟೋದಲ್ಲಿ ತೋಳಿನ ಮುಂಗೈಪಟ್ಟಿಯನ್ನು ನೋಡಿ. ಚೂಪಾಗಿ ಮೇಲೆದ್ದಿದ್ದರೆ 1881ಕ್ಕೂ ಮುಂಚಿನ ಕೋಟು. ಬಳೆಯ ಹಾಗೆ ಸುತ್ತಲೂ ಸಮನಾಗಿದ್ದರೆ ಆಮೇಲಿನದು, ಆಗ ಬಿಳಿ ಕಾಲರಿನಿಂದ ಇಂಗ್ಲೆಂಡು ಅಥವಾ ವೇಲ್ಸ್‌ನ ರೆಜಿಮೆಂಟೆಂದು ಹೇಳಬಹುದು.

ಕೊನೆಗೆ ಒಳ್ಳೆಯ ಸ್ಕ್ಯಾನರಿನಲ್ಲಿ 1200 ಡಿಪಿಐಗೆ ಸ್ಕ್ಯಾನ್ ಮಾಡಿ, ಕಾಲರಿನ ಎರಡೂ ತುದಿ ಹಿಗ್ಗಿಸಿ. ಅಲ್ಲಿ ಕಡಲೆಕಾಳಿನಷ್ಟು ಬಿಲ್ಲೆ ಇರುತ್ತದೆ. ಹುಲಿ ಕಂಡರೆ ಲೆಸ್ಟರ್‌ಷೈರ್ ರೆಜಿಮೆಂಟನ್ನು ಮೊದಲು ನೆನೆಯಿರಿ. 1804ರಿಂದ 1823ರವರೆಗೆ ಇಂಡಿಯಾದಲ್ಲಿದ್ದುದಕ್ಕೆ ಆ ರೆಜಿಮೆಂಟಿಗೆ ಸಿಕ್ಕ ಬಿರುದು ಹುಲಿ. ಆದರೆ ಹುಲಿ ಇಟ್ಟುಕೊಂಡ ರೆಜಿಮೆಂಟು ಅದೊಂದೇ ಅಲ್ಲ, ಹೆಲ್ಮೆಟ್ಟಿನ ಮುಂದಿನ ನಕ್ಷತ್ರದ ಬಿಲ್ಲೆಯನ್ನೂ ತಾಳೆ ನೋಡಿ. ಹೆಸರು ಮಾತ್ರ ಕೇಳಬೇಡಿ. ಸಮವಸ್ತ್ರ ಕಾಲ ಹೇಳುತ್ತದೆ, ಪಡೆ ಹೇಳುತ್ತದೆ. ಆಸಾಮಿ ಯಾರೆಂದು ಹೇಳಲು ಯಾರಾದರೂ ಹಿಂದೆ ಬರೆದಿಟ್ಟಿರಬೇಕು.

ಪ್ರಶ್ನೆ: ಬರ್ಮಿಂಗ್‌ಹ್ಯಾಂನಲ್ಲಿದ್ದೇನೆ. ಇಲ್ಲಿನ ಸಂತೆಯಲ್ಲಿ ತಗಡಿನ ಮೇಲಿರುವ ಸೈನಿಕನ ಚಿತ್ರ ಸಿಕ್ಕಿತು. ಕತ್ತಿ ಬಲಸೊಂಟದಲ್ಲಿದೆ. ಎಡಚನೇ?

ಉತ್ತರ: ಎಡಚನಾದರೂ ಸೈನ್ಯ ಅವನಿಗೆ ಬಲಗಡೆ ಕತ್ತಿ ಕಟ್ಟಲು ಬಿಡುತ್ತಿರಲಿಲ್ಲ! ತಗಡಿನ ಚಿತ್ರಕ್ಕೆ ನೆಗೆಟಿವ್ ಇಲ್ಲ. ಕ್ಯಾಮೆರಾದೊಳಗೆ ಬಿದ್ದದ್ದೇ ಕೈಗೆ ಬರುತ್ತದೆ, ಅದಕ್ಕೇ ಎಡಬಲ ತಿರುಗಿರುತ್ತದೆ. ಕೋಟಿನ ಗುಂಡಿ ನೋಡಿ: ಗಂಡಸರ ಕೋಟಿನಲ್ಲಿ ಎಡಮಗ್ಗುಲು ಬಲದ ಮೇಲೆ ಬರಬೇಕು. ನಿಮ್ಮದರಲ್ಲಿ ಉಲ್ಟಾ ಇದ್ದರೆ ಅನುಮಾನವೇ ಬೇಡ. ಫೋನಿನಲ್ಲಿ ಚಿತ್ರ ತಿರುಗಿಸಿಕೊಂಡೇ ಮುಂದಿನ ಕೆಲಸ ಶುರುಮಾಡಿ, ಇಲ್ಲದಿದ್ದರೆ ಎದೆಗೆ ಅಡ್ಡ ಬಂದ ಪಟ್ಟಿಯಲ್ಲೂ ಮೋಸಹೋಗುತ್ತೀರಿ. ಪದಾತಿಯ ಸಾರ್ಜೆಂಟ್ ಅದನ್ನು ಬಲಭುಜದ ಮೇಲಿಂದ ಇಳಿಬಿಡುತ್ತಿದ್ದ, ಅಧಿಕಾರಿ ಎಡಭುಜದಿಂದ. ಅಮೆರಿಕದ ಬಂದೂಕುಗಾರ ಬಿಲ್ಲಿ ದ ಕಿಡ್‌ನನ್ನು ಎಷ್ಟೋ ಕಾಲ ಜನ ಎಡಚನೆಂದೇ ನಂಬಿದ್ದು ಇಂಥದೇ ತಗಡಿನ ಚಿತ್ರದಿಂದ. ಅದನ್ನೇ ಹೆಸರಾಗಿಟ್ಟು 1958ರಲ್ಲಿ ಹಾಲಿವುಡ್ಡಿನವರು ಸಿನಿಮಾ ಬೇರೆ ತೆಗೆದರು. ಅವನ ಕೈಲಿದ್ದ ವಿಂಚೆಸ್ಟರ್ ರೈಫಲ್ಲಿನ ತೋಟಾ ತುಂಬುವ ಬಾಯಿ ತಪ್ಪು ಮಗ್ಗುಲಲ್ಲಿತ್ತು, ಗಮನಿಸಿದವರು ಕಡಿಮೆ.

ಪ್ರಶ್ನೆ: ಲಂಡನ್ನಿಗೆ ಮಗಳ ಮನೆಗೆ ಹೋಗಿದ್ದಾಗ ಕೊಂಡ ಫೋಟೋ. ಹನ್ನೆರಡು-ಹದಿಮೂರರ ಹುಡುಗ, ಓರೆಯಾಗಿಟ್ಟ ಪುಟ್ಟ ಗುಂಡು ಟೋಪಿ, ಸೊಂಟಕ್ಕೆ ಬೆಲ್ಟು, ಹೆಗಲಿಂದ ಅಡ್ಡಕ್ಕೆ ಬಿಳಿ ಚೀಲ. ಇಷ್ಟು ಚಿಕ್ಕವರನ್ನೂ ಸೈನ್ಯಕ್ಕೆ ಸೇರಿಸುತ್ತಿದ್ದರೇ?
— ಜಯನಗರದ ಗೃಹಿಣಿ

ಉತ್ತರ: ಬ್ಯಾಂಡಿಗೆ, ಡೋಲಿಗೆ ಹುಡುಗರನ್ನು ಸೇರಿಸುತ್ತಿದ್ದುದು ನಿಜ, ತಾಯೀ. ಆದರೆ ಈ ಹುಡುಗ ಬಾಯ್ಸ್ ಬ್ರಿಗೇಡಿನವನು ಅನ್ನಿಸುತ್ತದೆ. 1883ರಲ್ಲಿ ಗ್ಲಾಸ್ಗೋದಲ್ಲಿ ವಿಲಿಯಂ ಸ್ಮಿತ್ ಕಟ್ಟಿದ ಹುಡುಗರ ಸಂಘ ಅದು. ಮಾಮೂಲಿ ಅಂಗಿಯ ಮೇಲೆಯೇ ಟೋಪಿ, ಬೆಲ್ಟು, ಬಿಳಿ ಚೀಲ ಹಾಕಿಕೊಂಡರೆ ಅದೇ ಸಮವಸ್ತ್ರ. ಒಳಗೆ ಟೈ, ಮನೆಯ ಕೋಟು ಕಾಣುತ್ತಿದೆಯೇ ನೋಡಿ. ಕೋಟೂ ಸಮವಸ್ತ್ರದ್ದೇ ಆಗಿ, ಬೆಲ್ಟಿಗೆ ಚರ್ಮದ ಸಣ್ಣ ಪೆಟ್ಟಿಗೆ ಸಿಕ್ಕಿಸಿದ್ದರೆ ಅವನು ಅಂಚೆ ಇಲಾಖೆಯ ತಂತಿ ಹಂಚುವ ಹುಡುಗ. ಬ್ರಿಟನ್ನಿನ ಹಳೇ ಫೋಟೋಗಳಲ್ಲಿ ‘ಸೈನಿಕರು’ ಎಂದು ಮಾರಾಟವಾಗುವವರಲ್ಲಿ ರೈಲ್ವೆ ಗಾರ್ಡು, ಪೋಸ್ಟ್‌ಮನ್, ಬೆಂಕಿ ನಂದಿಸುವವನು, ಸಾಲ್ವೇಶನ್ ಆರ್ಮಿಯವನು, ಊರ ಬ್ಯಾಂಡಿನವನು ಎಲ್ಲರೂ ಇರುತ್ತಾರೆ.

ಪ್ರಶ್ನೆ: ನಮ್ಮ ಮುತ್ತಜ್ಜ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಅವರ ಫೋಟೋದಲ್ಲಿ ಎದೆಯ ಮೇಲೆ ದುಂಡು ಪದಕದ ಪಕ್ಕ ಐದು ಮೂಲೆಯ ನಕ್ಷತ್ರವಿದೆ. ಕಾಬೂಲಿನಿಂದ ಕಂದಹಾರಕ್ಕೆ ನಡೆದದ್ದಕ್ಕೆ ಕೊಟ್ಟದ್ದೆಂದು ಮನೆಯಲ್ಲಿ ಹೇಳುತ್ತಾರೆ.
— ಹಲಸೂರಿನಿಂದ ಒಬ್ಬರು

ಉತ್ತರ: ಮುತ್ತಜ್ಜ ಹೋದದ್ದು ಈಜಿಪ್ಟಿಗೆ ಇರಬೇಕು ಸ್ವಾಮಿ. ಐದು ಮೂಲೆಯ ಪ್ರಸಿದ್ಧ ನಕ್ಷತ್ರಗಳು ಆ ಕಾಲದಲ್ಲಿ ಎರಡು. 1880ರಲ್ಲಿ ಜನರಲ್ ರಾಬರ್ಟ್ಸ್ ಕಾಬೂಲಿನಿಂದ ಕಂದಹಾರಕ್ಕೆ ಮಾಡಿದ ದಂಡಯಾತ್ರೆಯದು ಒಂದು. ಅದರ ನೆತ್ತಿಯ ಮೇಲೆ ಕಿರೀಟ, ನಡುವೆ ರಾಣಿಯ ಹೆಸರಿನ ಹೆಣೆದ ಅಕ್ಷರಗಳು. ಗೆದ್ದ ಫಿರಂಗಿಗಳ ಲೋಹ ಕರಗಿಸಿ ಮಾಡಿದ್ದು. ಆ ದಂಡಿನಲ್ಲಿ ಮದ್ರಾಸ್ ಸೈನ್ಯದ ಪಡೆಗಳು ಇರಲಿಲ್ಲ. ಇನ್ನೊಂದು, ಈಜಿಪ್ಟಿನ ಖೆದಿವ್ 1882ರ ಯುದ್ಧಕ್ಕೆ ಕೊಟ್ಟ ಕಂಚಿನ ನಕ್ಷತ್ರ. ನಡುವೆ ಸ್ಫಿಂಕ್ಸ್, ಹಿಂದೆ ಪಿರಮಿಡ್ಡು, ಮೇಲಿನ ಪಟ್ಟಿಯಲ್ಲಿ ಅರ್ಧಚಂದ್ರ. ಮದ್ರಾಸ್ ಸ್ಯಾಪರ್ಸ್ ಆ ಯುದ್ಧದಲ್ಲಿದ್ದರು, ತೆಲ್-ಎಲ್-ಕೆಬೀರ್ ಅವರ ಕೀರ್ತಿಪಟ್ಟಿಯಲ್ಲಿದೆ. ಭೂತಗನ್ನಡಿ ಹಿಡಿದು ಕಿರೀಟವೋ ಅರ್ಧಚಂದ್ರವೋ ನೋಡಿಬಿಡಿ. ಪದಕದ ಪಟ್ಟಿಯ ಬಣ್ಣದ ಗೊಡವೆಗೆ ಹೋಗಬೇಡಿ, ಕೆಂಪಿನ ಕಥೆ ಮೇಲೆ ಹೇಳಿದ್ದೇನೆ.

ಪ್ರಶ್ನೆ: ಅಜ್ಜನ ಅಜ್ಜ ಕುಪ್ಯ, ಚೇಲೆ, ಪೀಚೆಕತ್ತಿ ಹಾಕಿಕೊಂಡು ಕುಳಿತ ಫೋಟೋ. ಎದೆಯಲ್ಲಿ ಪದಕವಿದೆ. ಅದು ಯಾವ ರೆಜಿಮೆಂಟಿನ ಉಡುಪು ಎಂದು ಪರದೇಶದ ಸಂಗ್ರಾಹಕರೊಬ್ಬರು ಕೇಳುತ್ತಿದ್ದಾರೆ.
— ಮಡಿಕೇರಿಯ ಅಧ್ಯಾಪಕರು

ಉತ್ತರ: ಯಾವ ರೆಜಿಮೆಂಟಿನದೂ ಅಲ್ಲ, ಅದು ನಮ್ಮ ಮದುವೆ-ಹಬ್ಬದ ಉಡುಪು ಎಂದು ಬರೆಯಿರಿ. ಒಂದೇ ಥರದ ಗುಂಡಿ, ನಂಬರು, ಬಿಲ್ಲೆ ಇಲ್ಲದ್ದನ್ನು ಸಮವಸ್ತ್ರ ಅನ್ನಲಾಗದು. ಪದಕದ ವಿಚಾರ ಬೇರೆ. 1837ರ ಅಮರ ಸುಳ್ಯದ ದಂಗೆಯಲ್ಲಿ ಕಂಪನಿ ಸರ್ಕಾರದ ಪರ ನಿಂತ ಕೊಡವರಿಗೆ ಕಂಪನಿ ಪದಕ ಹಂಚಿತ್ತು, ಅದರ ಮೇಲೆ ಕೊಡವ ವೀರನ ಚಿತ್ರವಿದೆ. ಅದೇ ಆಗಿದ್ದರೆ ಮನೆಯಲ್ಲಿ ಅದನ್ನು ಹೇಗೆ ನೆನೆಯಬೇಕೆಂಬುದು ನಿಮಗೆ ಬಿಟ್ಟದ್ದು, ಸುಳ್ಯದ ಕಡೆಯವರ ನೆನಪು ಬೇರೆ ಇದ್ದೀತು. ಒಂದು ಎಚ್ಚರ: 1837ರಲ್ಲಿ ಫೋಟೋ ಇನ್ನೂ ಬಂದಿರಲಿಲ್ಲ. ತಂದೆಯ ಪದಕವನ್ನು ಮಗ ಹಾಕಿಕೊಂಡು ಕೂತಿರಬಹುದು. ಪದಕದ ವರ್ಷದಿಂದ ಕುಳಿತವರ ವಯಸ್ಸು ಲೆಕ್ಕ ಹಾಕಬೇಡಿ.

ಪ್ರಶ್ನೆ: ಹಳೇ ಫೋಟೋಗೆ ಬಣ್ಣ ತುಂಬುವ ಆ್ಯಪ್‌ಗಳಿಂದ ಸಮವಸ್ತ್ರದ ಬಣ್ಣ ತಿಳಿಯಬಹುದೇ?
— ಹುಬ್ಬಳ್ಳಿಯ ವಿದ್ಯಾರ್ಥಿ

ಉತ್ತರ: ಇಲ್ಲಪ್ಪ. ಕಪ್ಪಾಗಿ ಕಂಡದ್ದಕ್ಕೆ ಅದು ಕಡುನೀಲಿಯನ್ನೋ ಕಂದನ್ನೋ ಬಳಿಯುತ್ತದೆ. ಕೆಂಪು ಕೋಟಿನವನನ್ನು ನೌಕಾಪಡೆಗೆ ಸೇರಿಸಿಬಿಡುತ್ತದೆ. ಮೂಲ ಸ್ಕ್ಯಾನನ್ನು ಹಾಗೇ ಇಟ್ಟುಕೋ, ನಮಗೆ ಕಳಿಸುವಾಗ ರಟ್ಟಿನ ಹಿಂಬದಿಯನ್ನೂ ಕಳಿಸು. ಗಾಜಿನ ಮೇಲಿನ ಚಿತ್ರವಾಗಿದ್ದರೆ ಒರೆಸಲು ಹೋಗಬೇಡ, ಒರೆಸಿದರೆ ಚಿತ್ರವೇ ಎದ್ದುಬರುತ್ತದೆ.