ಮೀನಿನ ತೊಟ್ಟಿಯಲ್ಲಿ ಹಾವಸೆ: ಗುರುತಿಸಿ, ಬೆಳೆಸಿ

ಮಕ್ಕಳೇ, ಮಳೆಗಾಲದಲ್ಲಿ ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ಹಸಿರು ಮಖಮಲ್ಲಿನಂತೆ ಹಬ್ಬುವ ಪುಟ್ಟ ಸಸ್ಯಗಳನ್ನು ನೀವು ನೋಡಿರುತ್ತೀರಿ. ಇವೇ ಹಾವಸೆಗಳು. ಇವನ್ನು ಮಾಸ್ ಎಂದೂ ಕರೆಯುತ್ತಾರೆ. ಮಳೆ ನಿಂತ ಮೇಲೆ ಒಣಗಿ ಮುರುಟಿದ ಹಾವಸೆಗೆ ನಾಲ್ಕು ಹನಿ ನೀರು ಹಾಕಿ ನೋಡಿ. ಸ್ವಲ್ಪ ಹೊತ್ತಿನಲ್ಲೇ ಎಲೆಗಳು ಬಿಚ್ಚಿಕೊಳ್ಳುತ್ತವೆ. ನೀವು ನೀರು ಹಾಕಿದ್ದು ಎಲೆಗೆ, ಬೇರಿಗಲ್ಲ. ಹಾಗಾದರೆ ಇದು ಹೇಗೆ ಸಾಧ್ಯ?

ಹಾವಸೆಗೆ ನಿಜವಾದ ಬೇರುಗಳೇ ಇಲ್ಲ. ಬೇರಿನಂತೆ ಕಾಣುವ ಎಳೆಗಳ ಹೆಸರು ರೈಜಾಯ್ಡ್. ಕಲ್ಲಿಗೋ ಮರಕ್ಕೋ ಅಂಟಿಕೊಳ್ಳುವುದು ಅವುಗಳ ಮುಖ್ಯ ಕೆಲಸ. ಎಲೆಯ ಬಹುಭಾಗ ಒಂದೇ ಜೀವಕೋಶದಷ್ಟು ದಪ್ಪ. ಆದ್ದರಿಂದ ನೀರು, ಲವಣಗಳು ಎಲೆಯ ಮೂಲಕವೇ ಒಳಸೇರುತ್ತವೆ. ಕೆಲವು ಹಾವಸೆಗಳು ಮಣ್ಣಿಲ್ಲದ ಮೀನಿನ ತೊಟ್ಟಿಯಲ್ಲೂ ಬೆಳೆಯಬಲ್ಲವು, ಅದಕ್ಕೆ ಇದೇ ಕಾರಣ.

ಪಾಚಿಯೋ, ಹಾವಸೆಯೋ?

ಇವೆರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಭೂತಗನ್ನಡಿಯಲ್ಲಿ ನೋಡಿ. ಪಾಚಿಯಲ್ಲಿ ಕಾಂಡ, ಎಲೆ ಕಾಣುವುದಿಲ್ಲ. ಹಾವಸೆಯಲ್ಲಿ ತೆಳು ಕಾಂಡ, ಅದರ ಮೇಲೆ ಚಿಕ್ಕ ಚಿಕ್ಕ ಎಲೆಗಳು ಕಾಣುತ್ತವೆ.

ನಾಲ್ಕು ಬಗೆಗಳು

1. ಜಾವಾ ಮಾಸ್: ಕವಲುಗಳು ಅಡ್ಡಾದಿಡ್ಡಿಯಾಗಿ ಬೆಳೆಯುತ್ತವೆ. ಬೆಳೆಸಲು ಬಹಳ ಸುಲಭ.
2. ಕ್ರಿಸ್‌ಮಸ್ ಮಾಸ್: ಕವಲುಗಳು ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು. ತ್ರಿಕೋನಾಕಾರದಲ್ಲಿ ಕೆಳಕ್ಕೆ ಬಾಗಿರುತ್ತವೆ.
3. ಫೀನಿಕ್ಸ್ ಮಾಸ್: ಕಾಂಡದ ಎರಡೂ ಬದಿಗೆ ಒಂದೊಂದು ಸಾಲು ಎಲೆ. ಹಕ್ಕಿಯ ಗರಿಯಂತೆ ಚಪ್ಪಟೆ.
4. ವಿಲೋ ಮಾಸ್: ಎಲೆಗಳು ಮೂರು ಸಾಲಿನಲ್ಲಿ, ದೋಣಿಯಂತೆ ಮಡಚಿರುತ್ತವೆ. ಇದು ಯುರೋಪ್, ಉತ್ತರ ಅಮೆರಿಕ ಮುಂತಾದ ಕಡೆಯ ತಂಪು ತೊರೆಗಳ ಸಸ್ಯ. ಬೆಚ್ಚಗಿನ ನೀರು ಇದಕ್ಕೆ ಹಿಡಿಸದು.

ಹೆಸರನ್ನು ನಂಬಬಹುದೇ?

ಜಾವಾ ಮಾಸನ್ನು ಬಹಳ ವರ್ಷ ವೆಸಿಕ್ಯುಲೇರಿಯಾ ಡುಬಿಯಾನ ಎಂಬ ಹೆಸರಿನಲ್ಲಿ ಮಾರುತ್ತಿದ್ದರು. ವಿಜ್ಞಾನಿಗಳು ಪರೀಕ್ಷಿಸಿದಾಗ ಅದು ಟ್ಯಾಕ್ಸಿಫಿಲ್ಲಮ್ ಬಾರ್ಬಿಯೆರಿ ಎಂದು ತಿಳಿಯಿತು. ಬರಿಗಣ್ಣಿಗೆ ಎರಡೂ ಒಂದೇ ತರಹ. ಆದರೆ ಸೂಕ್ಷ್ಮದರ್ಶಕದಲ್ಲಿ ಟ್ಯಾಕ್ಸಿಫಿಲ್ಲಮ್‌ನ ಎಲೆಯ ಕೋಶಗಳು ಉದ್ದವಾಗಿ, ಕಿರಿದಾಗಿರುತ್ತವೆ. ವೆಸಿಕ್ಯುಲೇರಿಯಾದ ಕೋಶಗಳು ಗಿಡ್ಡ, ಅಗಲ. ಹತ್ತಿರದ ಪ್ರೌಢಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಶಿಕ್ಷಕರ ನೆರವಿನಿಂದ ನೋಡಿ. ಎಲೆಗೆ ಒಂದೇ ಪದರವಿರುವುದರಿಂದ ಸೀಳಬೇಕಿಲ್ಲ. ಒಂದು ಹನಿ ನೀರಿನಲ್ಲಿಟ್ಟರೆ ಸಾಕು.

‘ಮಾಸ್ ಬಾಲ್’ ಎಂದು ಮಾರುವ ಹಸಿರು ಚೆಂಡು ಹಾವಸೆಯೇ ಅಲ್ಲ! ಅದು ಮಾರಿಮೊ ಎಂಬ ಪಾಚಿ. ಜಪಾನಿನ ಅಕಾನ್ ಸರೋವರ ಈ ಚೆಂಡುಗಳಿಗೆ ಪ್ರಸಿದ್ಧ.

ನೀವೇ ಬೆಳೆಸಿ

ಬೇಕಾಗುವ ಸಾಮಗ್ರಿ: ಅಗಲ ಬಾಯಿಯ ಎರಡು ಗಾಜಿನ ಜಾಡಿಗಳು, ಎರಡು ಸಣ್ಣ ಕಲ್ಲುಗಳು, ಹತ್ತಿಯ ದಾರ, ಕತ್ತರಿ, ತೆಳು ಬಟ್ಟೆ, ಅಕ್ವೇರಿಯಂ ಅಂಗಡಿಯಿಂದ ತಂದ ಸ್ವಲ್ಪ ಜಾವಾ ಮಾಸ್. (ಗೋಡೆಯ ಹಾವಸೆ ಬೇಡ. ನೀರಿನಲ್ಲಿ ಮುಳುಗಿಸಿಟ್ಟರೆ ಅದು ಸಾಮಾನ್ಯವಾಗಿ ಕೊಳೆಯುತ್ತದೆ.)

ವಿಧಾನ:
1. ನಲ್ಲಿ ನೀರನ್ನು ಅಗಲ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿ. ಅದರಲ್ಲಿರುವ ಕ್ಲೋರಿನ್ ಹೊರಹೋಗುತ್ತದೆ.
2. ಹಾವಸೆಯನ್ನು ಸಣ್ಣದಾಗಿ ಕತ್ತರಿಸಿ ಕಲ್ಲುಗಳ ಮೇಲೆ ತೆಳುವಾಗಿ ಹರಡಿ, ದಾರ ಸುತ್ತಿ. ದಪ್ಪವಾಗಿ ಹಾಕಿದರೆ ಅಡಿಯಲ್ಲಿರುವುದಕ್ಕೆ ಬೆಳಕು ಸಿಗದೆ ಕೊಳೆಯುತ್ತದೆ.
3. ಕಲ್ಲುಗಳನ್ನು ಜಾಡಿಗಳಲ್ಲಿಟ್ಟು ನೀರು ತುಂಬಿಸಿ. ಒಂದನ್ನು ಬೆಳಕಿರುವ ನೆರಳಿನಲ್ಲಿಡಿ, ಇನ್ನೊಂದನ್ನು ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಉಳಿದೆಲ್ಲವೂ ಎರಡಕ್ಕೂ ಒಂದೇ ರೀತಿ ಇರಲಿ.
4. ಸೊಳ್ಳೆ ಮೊಟ್ಟೆ ಇಡದಂತೆ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ. ವಾರಕ್ಕೊಮ್ಮೆ ನೀರು ಬದಲಿಸಿ.
5. ಹದಿನೈದು ದಿನಕ್ಕೊಮ್ಮೆ ಕವಲಿನ ಉದ್ದ ಅಳೆಯಿರಿ, ಬಣ್ಣ ನೋಡಿ ಬರೆದುಕೊಳ್ಳಿ. ಹಾವಸೆ ನಿಧಾನವಾಗಿ ಬೆಳೆಯುತ್ತದೆ. ತಾಳ್ಮೆ ಇರಲಿ.

ಎಚ್ಚರಿಕೆ

ಹೆಚ್ಚಾದ ಹಾವಸೆಯನ್ನು ಕೆರೆ, ಹಳ್ಳಕ್ಕೆ ಎಸೆಯಬೇಡಿ. ಏಕೆ ಗೊತ್ತೇ? 2021ರಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮಾರಾಟಕ್ಕಿದ್ದ ಮಾರಿಮೊ ಚೆಂಡುಗಳೊಳಗೆ ಝೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಜೀವಿಗಳು ಪತ್ತೆಯಾದವು. ಇವು ನದಿ, ಸರೋವರ ಸೇರಿದರೆ ವೇಗವಾಗಿ ಹೆಚ್ಚಿ, ನೀರಿನ ಕೊಳವೆಗಳನ್ನೇ ಕಟ್ಟಿಬಿಡುತ್ತವೆ. ಅಲ್ಲಿನ ಜೀವಿಗಳ ಆಹಾರವನ್ನೂ ಕಸಿಯುತ್ತವೆ. ಕೊಂಡು ತಂದ ಗಿಡದ ಜೊತೆ ಕಣ್ಣಿಗೆ ಕಾಣದ ಅತಿಥಿಗಳೂ ಬಂದಿರಬಹುದು. ಬೇಡವಾದ ಹಾವಸೆಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಮಣ್ಣಿನಲ್ಲಿ ಹೂಳಿ. ಜಾಡಿಯ ನೀರನ್ನು ಕೈತೋಟದ ಗಿಡಗಳಿಗೆ ಹಾಕಿ.

ಯೋಚಿಸಿ

* ಎರಡು ಜಾಡಿಗಳಲ್ಲಿ ಯಾವುದರಲ್ಲಿ ಪಾಚಿ ಮೊದಲು ಕಾಣಿಸಿತು? ಏಕೆ?
* ಮೀನಿರುವ ತೊಟ್ಟಿಯಲ್ಲಿ ಹಾವಸೆಗೆ ಲವಣಗಳು ಎಲ್ಲಿಂದ ಸಿಗುತ್ತವೆ?
* ಹಾವಸೆಗಳು ತೆಂಗಿನಮರದಷ್ಟು ಎತ್ತರ ಏಕೆ ಬೆಳೆಯುವುದಿಲ್ಲ? ಬೇರಿಲ್ಲದಿರುವುದನ್ನು ನೆನಪಿಸಿಕೊಂಡು, ನಿಮ್ಮ ಗೆಳೆಯರೊಡನೆ ಚರ್ಚಿಸಿ.