ಉದ್ದಗೂದಲಿನ ನಾಯಿಯ ಸ್ನಾನ

ಕಾರವಾರ ಅಂಕೋಲೆಗಳ ನಡುವೆ, ಗಾಳಿಯೇ ಉಪ್ಪನ್ನೂ ತೇವವನ್ನೂ ಹೊತ್ತು ಬೀಸುವ ಚೆಂಡಿಯಾದಂತಹ ಕಡಲತಡಿಯ ಊರಿನಲ್ಲಿ ಪೊಮೆರೇನಿಯನ್ ಮೊದಲಾದ ದೀರ್ಘಕೇಶದ ನಾಯಿಗಳನ್ನು ಸಾಕಿರುವವರು ಅವುಗಳ ಸ್ನಾನದ ವಿಷಯದಲ್ಲಿ ವಿಶೇಷ ಜಾಗರೂಕತೆಯನ್ನು ವಹಿಸತಕ್ಕದ್ದು. ನೀರು ಹೊಯ್ಯುವ ಮೊದಲೇ ಕೂದಲನ್ನು ಬಾಚಿರಿ. ಕಿವಿಯ ಹಿಂದೆ, ಕಾಲಸಂದಿಯಲ್ಲಿ ಕಟ್ಟಿದ ಸಿಕ್ಕು ಒಮ್ಮೆ ನೆನೆಯಿತೆಂದರೆ ಕಂಬಳಿಯಂತೆ ಬಿಗಿದುಕೊಂಡು, ಕತ್ತರಿಗಲ್ಲದೆ ಮತ್ತಾವುದಕ್ಕೂ ವಶವಾಗದು. ಹಂಡೆಯ ನೀರು ಉಗುರುಬೆಚ್ಚಗಿರಲಿ. ಕೊರಳಿನಿಂದ ಬಾಲದ ಕಡೆಗೆ ಹೊಯ್ಯುತ್ತ ಬಂದು, ಮುಖವನ್ನು ಕಡೆಯಲ್ಲಿ ಒದ್ದೆಬಟ್ಟೆಯಿಂದ ಒರೆಸಿದರೆ ಸಾಕು. ನಮ್ಮ ಸಾಬೂನು ನಾಯಿಯ ತೆಳುವಾದ ಚರ್ಮಕ್ಕೆ ಹಿತವಲ್ಲ. ನಾಯಿಗಳಿಗೆಂದೇ ಮಾಡಿದ ಶಾಂಪೂವನ್ನು ನೀರಿನಲ್ಲಿ ಕದಡಿ ಬಳಸಿರಿ. ಸೀಗೆಪುಡಿಯೂ ಬೇಡ; ಅದು ಕಣ್ಣಿಗೆ ಬಿದ್ದರೆ ಆ ಉರಿಯನ್ನು ಪಾಪ, ಆ ಮೂಕಪ್ರಾಣಿ ಯಾರಲ್ಲಿ ಹೇಳಿಕೊಂಡೀತು!

ಸ್ನಾನಕ್ಕಿಂತಲೂ ಒಣಗಿಸುವುದೇ ಪ್ರಧಾನವೆಂಬುದು ನನ್ನ ದೃಢವಾದ ಅಭಿಪ್ರಾಯ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ ಬಿಡದೆ ಸುರಿಯುವ ನಮ್ಮ ಕರಾವಳಿಯಲ್ಲಿ, ಮೇಲ್ಗೂದಲು ಒಣಗಿದಂತೆ ತೋರಿದರೂ ಒಳಗಿನ ತುಪ್ಪಳದಲ್ಲಿ ಉಳಿದ ಪಸೆಯಿಂದಲೇ ದುರ್ಗಂಧವೂ ಚರ್ಮವ್ಯಾಧಿಯೂ ಹುಟ್ಟುವುವು. ಟವೆಲಿನಿಂದ ಉಜ್ಜದೆ ಒತ್ತಿ ಒತ್ತಿ ನೀರು ಹೀರಿಸಿ, ಬೆರಳಿಂದ ಕೂದಲನ್ನು ಬಿಡಿಸಿ ಬುಡವನ್ನು ಮುಟ್ಟಿನೋಡಿರಿ. ಮಳೆ ಹಿಡಿದ ದಿನಗಳಲ್ಲಿ ಸ್ನಾನವನ್ನು ಮುಂದೂಡಿದರೂ ಚಿಂತೆಯಿಲ್ಲ. ಬಾಚುವುದನ್ನು ಮಾತ್ರ ಒಂದು ದಿನವೂ ತಪ್ಪಿಸದಿರಿ.